ಸೇಲ್ಸ್ ಕೋಆರ್ಡಿನೇಟರ್ ಮೇಜಿನ ಕೆಲಸ: ವಿಚಾರಣೆಯಿಂದ ವಸೂಲಿಯವರೆಗೆ

ಪೀಣ್ಯವಿರಲಿ, ಬೊಮ್ಮಸಂದ್ರವಿರಲಿ, ಹುಬ್ಬಳ್ಳಿಯ ತಾರಿಹಾಳವಿರಲಿ, ಸಣ್ಣ ಕಾರ್ಖಾನೆಯೊಂದರ ಒಳಗೆ ಹೋದರೆ ಮಾಲೀಕರ ಕೋಣೆಗೂ ಸ್ಟೋರ್ಸ್‌ಗೂ ನಡುವೆ ಒಂದು ಮೇಜು ಸಿಗುತ್ತದೆ. ಅದರ ಮೇಲೆ ಎರಡು ಫೋನು, ಒಂದು ಕಂಪ್ಯೂಟರು, ಕಂಪನಿಯ ರೌಂಡ್ ಸೀಲು, ಕ್ಲಿಪ್ಪಿಗೆ ಸಿಕ್ಕಿಸಿದ ಡೆಲಿವರಿ ಚಲನ್‌ಗಳು. ಕೆಲಸದ ಜಾಹೀರಾತಿನಲ್ಲಿ ಆ ಕುರ್ಚಿಯನ್ನು ಸೇಲ್ಸ್ ಕೋಆರ್ಡಿನೇಟರ್ ಎಂದೋ ಬ್ಯಾಕ್ ಆಫೀಸ್ ಅಸಿಸ್ಟೆಂಟ್ ಎಂದೋ ಕರೆದು, ಕೊನೆಯಲ್ಲಿ ‘ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರು) ಗೊತ್ತಿದ್ದರೆ ಒಳ್ಳೆಯದು’ ಎಂದು ಸೇರಿಸಿರುತ್ತಾರೆ. ಕೆಲಸಕ್ಕೆ ಸೇರಿದ ತಿಂಗಳೊಳಗೆ ಆ ಕೊನೆಯ ಸಾಲೇ ಅರ್ಧ ದಿನವನ್ನು ತಿನ್ನುತ್ತಿದೆ ಎಂಬುದು ಗೊತ್ತಾಗುತ್ತದೆ. ಮಾರಾಟ ಮಾಡುವವರು ಹೊರಗೆ ಓಡಾಡುತ್ತಾರೆ, ಲೆಕ್ಕ ಪರಿಶೋಧಕರು ತಿಂಗಳಿಗೊಮ್ಮೆ ಬರುತ್ತಾರೆ; ಇಬ್ಬರ ನಡುವಿನ ಎಲ್ಲವೂ ಈ ಮೇಜಿನದು.

ಇಂಥದೊಂದು ಮೇಜಿನಲ್ಲಿ ನಾನು ಹಲವು ವರ್ಷ ಕೂತಿದ್ದೇನೆ. ನನಗೆ ತಿಳಿದ ಮಟ್ಟಿಗೆ ಈ ಕೆಲಸದ ತಿರುಳು ಇಷ್ಟು: ಒಂದೇ ಆರ್ಡರು ಮೊದಲು ಮಾತಾಗಿ ಬರುತ್ತದೆ, ಆಮೇಲೆ ಸರಕಾಗಿ ಹೊರಡುತ್ತದೆ, ಕೊನೆಗೆ ಹಣವಾಗಿ ಮರಳುತ್ತದೆ, ಮತ್ತು ಈ ಮೂರೂ ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವವರು ನೀವೊಬ್ಬರೇ. ಹಾಗಾಗಿ ಇಲ್ಲಿ ಒಂದು ಆರ್ಡರನ್ನೇ ಹಿಡಿದು ಮೊದಲಿಂದ ಕೊನೆಯವರೆಗೆ ಹೋಗೋಣ. ನಮ್ಮದು ಪೀಣ್ಯದಲ್ಲಿ ಬೋಲ್ಟ್ ತಯಾರಿಸುವ, ವರ್ಷಕ್ಕೆ 5 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟಿರುವ ಸಣ್ಣ ಕಾರ್ಖಾನೆ ಎಂದೂ, ಗ್ರಾಹಕರು ಹೊಸೂರಿನ ಒಂದು ದೊಡ್ಡ ಕಂಪನಿ ಎಂದೂ ಇಟ್ಟುಕೊಳ್ಳಿ.

ಮೊದಲ ವಾರ

ಮೊದಲ ವಾರ ಕಂಪ್ಯೂಟರಿನ ಮುಂದೆ ಕೂರುವುದಕ್ಕಿಂತ ಸ್ಟೋರ್ಸ್‌ನಲ್ಲಿ ನಿಲ್ಲುವುದೇ ಹೆಚ್ಚು ಲಾಭ. ಬೋಲ್ಟಿನ ತಲೆಯ ಮೇಲೆ ಒತ್ತಿರುವ 8.8 ಎಂಬ ಬಲದ ದರ್ಜೆ ಏನನ್ನು ಹೇಳುತ್ತದೆ, ಜಿಂಕ್ ಲೇಪನವಾದದ್ದಕ್ಕೂ ಕಪ್ಪಗೆ ಬಿಟ್ಟದ್ದಕ್ಕೂ ದರದಲ್ಲಿ ಎಷ್ಟು ಅಂತರ, ಒಂದು ಪೆಟ್ಟಿಗೆಯಲ್ಲಿ ಎಷ್ಟು ಕೂರುತ್ತವೆ ಎಂಬುದನ್ನು ಸ್ಟೋರ್ಸ್ ನೋಡಿಕೊಳ್ಳುವವರು ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಫೋನಿನಲ್ಲಿ ಗ್ರಾಹಕರು ಕೇಳುವ ಹತ್ತು ಪ್ರಶ್ನೆಗಳಲ್ಲಿ ಆರಕ್ಕೆ ಉತ್ತರ ಅಲ್ಲೇ ಇದೆ.

ಮಾಲೀಕರಿಂದ ಕೇಳಿ ಬರೆದುಕೊಳ್ಳಬೇಕಾದದ್ದೂ ಒಂದಿಷ್ಟಿದೆ. ಯಾರಿಗೆ ಎಷ್ಟು ದಿನ ಸಾಲ, ಎಷ್ಟು ರೂಪಾಯಿಯವರೆಗೆ. ಯಾರಿಗೆ ಮುಂಗಡವಿಲ್ಲದೆ ಸರಕು ಕಳಿಸಬಾರದು. ಯಾರನ್ನೂ ಕೇಳದೆ ನೀವು ಎಷ್ಟು ಶೇಕಡಾ ರಿಯಾಯಿತಿ ಕೊಡಬಹುದು. ಕೊನೆಯದಕ್ಕೆ ಉತ್ತರ ‘ಸೊನ್ನೆ’ ಎಂದು ಬಂದರೂ ಬೇಸರ ಬೇಡ. ಉತ್ತರವೇ ಇಲ್ಲದಿರುವುದಕ್ಕಿಂತ ಅದು ಎಷ್ಟೋ ವಾಸಿ.

ವಿಚಾರಣೆ ಮತ್ತು ಕೊಟೇಶನ್

ವಿಚಾರಣೆ ಮೇಲ್‌ನಲ್ಲಿ ಬಂದರೆ ಸುಲಭ. ಫೋನಿನಲ್ಲೋ ವಾಟ್ಸಾಪ್‌ನಲ್ಲೋ ಬಂದರೆ ಅದನ್ನು ಬರಹಕ್ಕೆ ಇಳಿಸಿ, ‘ತಾವು ಕೇಳಿದ್ದು ಇದೇ ತಾನೇ’ ಎಂದು ವಾಪಸು ಕಳಿಸಿ ಒಪ್ಪಿಗೆ ಪಡೆಯಬೇಕು. ಈ ಪಾಠವನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಸೇರಿದ ಮೊದಲ ವರ್ಷ ಒಬ್ಬ ಗ್ರಾಹಕರು ಫೋನಿನಲ್ಲಿ ‘ಎಂ12 ಬೋಲ್ಟು, ಐವತ್ತು ಉದ್ದ, 8.8’ ಎಂದಷ್ಟೇ ಹೇಳಿದರು, ನಾನೂ ಅಷ್ಟನ್ನೇ ಬರೆದುಕೊಂಡೆ. ಅವರಿಗೆ ಬೇಕಿದ್ದದ್ದು ತುದಿಯಿಂದ ತಲೆಯವರೆಗೂ ಥ್ರೆಡ್ ಇರುವ, ಡಿನ್ 933 ಎಂಬ ಜರ್ಮನ್ ಮಾನಕದ ಬೋಲ್ಟು. ನಮ್ಮಿಂದ ಹೋದದ್ದು ತಲೆಯ ಕೆಳಗೆ ಒಂದಿಷ್ಟು ನುಣುಪಾಗಿರುವ ಡಿನ್ 931, ಅಂದರೆ ಹಾಫ್ ಥ್ರೆಡ್. ನಟ್ಟು ಅರ್ಧಕ್ಕೇ ನಿಂತಿತು. ಇಡೀ ಲಾಟು ಮರಳಿ ಬಂತು, ಎರಡೂ ಕಡೆಯ ಗಾಡಿ ಬಾಡಿಗೆ ನಮ್ಮ ಮೇಲೆಯೇ ಬಿತ್ತು. ಅಂದಿನಿಂದ ಅಳತೆ, ಥ್ರೆಡ್, ದರ್ಜೆ, ಲೇಪನ, ಸಂಖ್ಯೆ, ಬೇಕಾದ ದಿನ ಎಂಬ ಆರು ಮಾತುಗಳನ್ನು ಕೇಳದೆ ನಾನು ಫೋನು ಇಟ್ಟಿದ್ದಿಲ್ಲ.

ಕೊಟೇಶನ್‌ನಲ್ಲಿ ದರ ಬರೆಯುವುದು ಸುಲಭದ ಭಾಗ. ಆಮೇಲೆ ಜಗಳಕ್ಕೆ ಕಾರಣವಾಗುವುದು ದರದ ಕೆಳಗಿನ ಸಾಲುಗಳು. ಜಿಎಸ್‌ಟಿ ಪ್ರತ್ಯೇಕವೋ ಸೇರಿದೆಯೋ, ಪ್ಯಾಕಿಂಗ್ ಯಾರದು, ಸಾಗಣೆ ಬಾಡಿಗೆ ನಾವು ಕಟ್ಟುತ್ತೇವೋ ಅವರು ತಲುಪಿದ ಮೇಲೆ ಕೊಡುವ ಟು-ಪೇಯೋ, ಪರೀಕ್ಷಾ ವರದಿ ಬೇಕೋ, ಹಣ ಎಷ್ಟು ದಿನದಲ್ಲಿ, ಆ ದಿನಗಳನ್ನು ಎಣಿಸುವುದು ಬಿಲ್ಲಿನ ದಿನಾಂಕದಿಂದಲೋ ಸರಕು ಅವರ ಗೇಟು ತಲುಪಿದ ದಿನದಿಂದಲೋ ಎಂಬುದೆಲ್ಲ ಅಲ್ಲಿಯೇ ಇರಬೇಕು. ಉಕ್ಕಿನ ದರ ಏರಿಳಿಯುವ ವ್ಯಾಪಾರದಲ್ಲಿ ‘ಈ ದರ 15 ದಿನ ಮಾತ್ರ ಊರ್ಜಿತ’ ಎಂಬ ಸಾಲನ್ನು ಮರೆತವರು ಮೂರು ತಿಂಗಳ ಹಿಂದಿನ ದರಕ್ಕೆ ಬಂದ ಪರ್ಚೇಸ್ ಆರ್ಡರನ್ನು ನುಂಗಿಕೊಳ್ಳಬೇಕಾಗುತ್ತದೆ. ದರ ಬದಲಿಸಿ ಮತ್ತೆ ಕಳಿಸಿದರೆ ಹಳೆಯ ಸಂಖ್ಯೆಗೇ ಆರ್1, ಆರ್2 ಎಂದು ಸೇರಿಸುತ್ತ ಹೋಗಿ. ಯಾವುದು ಕೊನೆಯ ಮಾತು ಎಂಬ ಅನುಮಾನ ಇಬ್ಬರಿಗೂ ಇರುವುದಿಲ್ಲ.

ಪಿಓ ಬಂದ ಮೇಲೆ

ಪರ್ಚೇಸ್ ಆರ್ಡರು, ಅಂದರೆ ಎಲ್ಲರೂ ಹೇಳುವ ಪಿಓ, ಬಂದ ಖುಷಿಯಲ್ಲಿ ಅದನ್ನು ನೇರವಾಗಿ ಉತ್ಪಾದನೆಗೆ ಕಳಿಸಬಾರದು. ಕೊಟೇಶನ್ನನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಬೇಕು. ನಮ್ಮ ಕೊಟೇಶನ್ನಿನಲ್ಲಿ 30 ದಿನ ಎಂದಿದ್ದದ್ದು ಅವರ ಪಿಓದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 60 ಆಗಿರುತ್ತದೆ. ತಡವಾದರೆ ವಾರಕ್ಕೆ ಇಷ್ಟು ಶೇಕಡಾ ಕಡಿತ ಎಂಬ ಷರತ್ತು ಎಲ್ಲಿಂದಲೋ ಬಂದು ಸೇರಿರುತ್ತದೆ. ದರದ ಎದುರಿನ ಅಳತೆಯ ಮಾನವನ್ನೂ ನೋಡಿ: ಬೋಲ್ಟನ್ನು ಬಿಡಿಯಾಗಿಯೂ, ನೂರಕ್ಕೆ ಇಷ್ಟೆಂದೂ, ಕಿಲೋ ಲೆಕ್ಕದಲ್ಲಿಯೂ ಮಾರುತ್ತಾರೆ. ಹೊಂದದ ಸಾಲು ಕಂಡರೆ ಆ ದಿನವೇ ಮೇಲ್ ಬರೆದು ತಿದ್ದಿಸಿಕೊಳ್ಳಬೇಕು. ಸರಕು ಹೋದ ಮೇಲೆ ತಿದ್ದುವ ಆಸಕ್ತಿ ಅವರಿಗೆ ಉಳಿದಿರುವುದಿಲ್ಲ.

ನಮ್ಮ ಉದಾಹರಣೆಯ ಪಿಓ ಹೀಗಿದೆ: ಎಂ12×50 ಬೋಲ್ಟು, ಡಿನ್ 933, 8.8, ಜಿಂಕ್ ಲೇಪಿತ, 3,000 ಸಂಖ್ಯೆ, ಒಂದಕ್ಕೆ 14.50 ರೂಪಾಯಿ. ಒಟ್ಟು 43,500. ಹಣ ಸರಕು ತಲುಪಿ 30 ದಿನಕ್ಕೆ. ಗ್ರಾಹಕರ ಹಳೆಯ ಬಾಕಿ ನೋಡಿ, ಸಾಲದ ಮಿತಿಯೊಳಗಿದ್ದರೆ ಟ್ಯಾಲಿಯಲ್ಲಿ ಸೇಲ್ಸ್ ಆರ್ಡರ್ ನಮೂದಿಸಿ, ‘ತಮ್ಮ ಆರ್ಡರನ್ನು ಈ ಷರತ್ತುಗಳಿಗೆ ಒಪ್ಪಿದ್ದೇವೆ, ಸರಕು ಇಂಥ ದಿನ ಹೊರಡುತ್ತದೆ’ ಎಂದು ಉತ್ತರ ಬರೆಯಿರಿ. ದಿನಾಂಕ ಕೊಡುವ ಮೊದಲು ಉತ್ಪಾದನೆಯವರನ್ನೂ ಲೇಪನಕ್ಕೆ ಹೊರಗೆ ಕೊಡುವವರನ್ನೂ ಕೇಳುವುದು ಕಡ್ಡಾಯ. ಲೇಪನಕ್ಕೆ ಹೋದ ಸರಕು ಯಾವಾಗ ಬರುತ್ತದೆ ಎಂಬುದು ಪೀಣ್ಯದಲ್ಲಿ ಮಳೆಯಷ್ಟೇ ಅನಿಶ್ಚಿತ. ಅಂದ ಹಾಗೆ, ಲೇಪನಕ್ಕೆ ಕಳಿಸುವಾಗ ಬಿಲ್ ಮಾಡುವುದಿಲ್ಲ, ಡೆಲಿವರಿ ಚಲನ್ ಮಾಡುತ್ತೇವೆ; ಹಾಗೆ ಕಳಿಸಿದ ಸರಕು ಒಂದು ವರ್ಷದೊಳಗೆ ಮರಳಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಾಟವಾಯಿತೆಂದು ಜಿಎಸ್‌ಟಿ ಕಾಯ್ದೆ ಎಣಿಸುತ್ತದೆ. ಆ ಚಲನ್‌ಗಳ ಕಡತ ಬೇರೆಯೇ ಇರಲಿ.

ಗ್ರಾಹಕರು ಮುಂಗಡ ಕೊಡುವವರಾದರೆ ಪ್ರೊಫಾರ್ಮಾ ಇನ್‌ವಾಯ್ಸ್ ಕಳಿಸಿ. ಅದು ತೆರಿಗೆ ಬಿಲ್ ಅಲ್ಲ, ಲೆಕ್ಕಕ್ಕೆ ಹೋಗುವುದಿಲ್ಲ. ಸರಕಿನ ಮಾರಾಟಕ್ಕೆ ಬಂದ ಮುಂಗಡದ ಮೇಲೆ ಸಾಮಾನ್ಯ ನೋಂದಣಿಯವರು ಆಗಲೇ ಜಿಎಸ್‌ಟಿ ಕಟ್ಟಬೇಕಿಲ್ಲ. ಬಿಲ್ ಆದಾಗ ಕಟ್ಟಿದರೆ ಸಾಕು. ಸೇವೆಗೆ ಬಂದ ಮುಂಗಡಕ್ಕೆ ಈ ವಿನಾಯಿತಿ ಇಲ್ಲ.

ಬಿಲ್ ಮಾಡುವಾಗ

ಸರಕು ಗೇಟು ದಾಟುವ ಮೊದಲು ಅಥವಾ ದಾಟುವ ಹೊತ್ತಿಗೆ ಬಿಲ್ ಆಗಿರಬೇಕು. ಸರಕಿನ ಬಿಲ್ಲಿಗೆ ಮೂರು ಪ್ರತಿ: ಮೂಲ ಪ್ರತಿ ಗ್ರಾಹಕರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ನಮಗೆ. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಏಪ್ರಿಲ್ 1ರ ಬೆಳಿಗ್ಗೆ ಮಾಡುವ ಮೊದಲ ಕೆಲಸವೆಂದರೆ ಹೊಸ ಸರಣಿ ತೆರೆಯುವುದು.

ಟ್ಯಾಲಿಯಲ್ಲಿ ಎಫ್8 ಒತ್ತಿ ಬಿಲ್ ಮಾಡಲು ಐದು ನಿಮಿಷ ಸಾಕು. ನಿಜವಾದ ಕೆಲಸ ಗ್ರಾಹಕರ ಮಾಸ್ಟರ್, ಅಂದರೆ ಟ್ಯಾಲಿಯಲ್ಲಿ ಉಳಿಸಿಟ್ಟ ಅವರ ವಿವರ, ಸರಿಯಾಗಿದೆಯೇ ಎಂದು ನೋಡುವುದರಲ್ಲಿದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ನಂತರದ ಹತ್ತು ಆ ಸಂಸ್ಥೆಯ ಪ್ಯಾನ್. ಒಂದೇ ಕಂಪನಿಯ ಹೊಸೂರು ಘಟಕಕ್ಕೂ ಬೊಮ್ಮಸಂದ್ರ ಘಟಕಕ್ಕೂ ನಡುವಿನ ಹತ್ತು ಅಕ್ಷರ ಒಂದೇ ಆಗಿರುವುದರಿಂದ ಕಣ್ಣು ಜಾರುವುದು ತೀರಾ ಸುಲಭ. ತಪ್ಪು ಸಂಖ್ಯೆಗೆ ಬಿಲ್ ಹೋದರೆ ತೆರಿಗೆಯ ಜಮೆ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ತಪ್ಪು ಘಟಕದ ಖಾತೆಯಲ್ಲಿ ಕಾಣುತ್ತದೆ, ಸರಿಯಾದ ಘಟಕದವರು ಹಣ ತಡೆಹಿಡಿಯುತ್ತಾರೆ.

ಇಲ್ಲೊಂದು ಗೋಜಲು ಪದೇ ಪದೇ ಎದುರಾಗುತ್ತದೆ. ಹೊಸೂರಿನವರು ‘ಬಿಲ್ ನಮಗೆ ಮಾಡಿ, ಸರಕು ಬೊಮ್ಮಸಂದ್ರಕ್ಕೆ ಇಳಿಸಿ’ ಎನ್ನುತ್ತಾರೆ. ಸರಕು ಪೀಣ್ಯದಿಂದ ಬೊಮ್ಮಸಂದ್ರಕ್ಕೆ, ಅಂದರೆ ಬೆಂಗಳೂರು ಬಿಟ್ಟು ಹೊರಗೇ ಹೋಗುತ್ತಿಲ್ಲ. ಹೀಗಾಗಿ ರಾಜ್ಯದೊಳಗಿನ ಮಾರಾಟದ ತೆರಿಗೆಗಳಾದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಹಾಕಬೇಕು ಎಂದು ಹೊಸಬರಿಗೆ ತೋಚುವುದು ಸಹಜ. ಆದರೆ ಕಾನೂನು ನೋಡುವುದು ಯಾರ ಸೂಚನೆಯ ಮೇರೆಗೆ ಸರಕು ಇಳಿಯಿತು ಎಂಬುದನ್ನು. ಸೂಚನೆ ಕೊಟ್ಟು ಬಿಲ್ ಪಡೆದವರು ತಮಿಳುನಾಡಿನವರಾದ್ದರಿಂದ ಪೂರೈಕೆಯ ಸ್ಥಳ ತಮಿಳುನಾಡು, ತೆರಿಗೆ ಅಂತರರಾಜ್ಯ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ. ಇದರ ಗೊಂದಲವೇ ಬೇಡವೆಂದರೆ ಬೊಮ್ಮಸಂದ್ರ ಘಟಕದ ಹೆಸರಿನಲ್ಲಿಯೇ ಪಿಓ ಕೊಡಿ ಎಂದು ಮೊದಲೇ ಕೇಳುವುದು ಜಾಣತನ. ನಮ್ಮ ಉದಾಹರಣೆಯಲ್ಲಿ ಬಿಲ್ಲೂ ಸರಕೂ ಎರಡೂ ಹೊಸೂರಿಗೆ.

ಬೋಲ್ಟು, ನಟ್ಟುಗಳು ಎಚ್‌ಎಸ್‌ಎನ್ ಎಂಬ ಸರಕು ವರ್ಗೀಕರಣ ಸಂಕೇತದಲ್ಲಿ 7318ರಡಿ ಬರುತ್ತವೆ, ತೆರಿಗೆ ಶೇಕಡಾ 18. ವಹಿವಾಟು 5 ಕೋಟಿ ಮೀರಿದವರು ಬಿಲ್ಲಿನಲ್ಲಿ ಎಚ್‌ಎಸ್‌ಎನ್‌ನ ಆರು ಅಂಕಿ ಬರೆಯಬೇಕು, ಅದಕ್ಕಿಂತ ಕಡಿಮೆಯವರಿಗೆ ನಾಲ್ಕು ಸಾಕು. 43,500ಕ್ಕೆ ತೆರಿಗೆ 7,830. ಬಿಲ್ ಮೊತ್ತ 51,330. ಸಾಗಣೆ ಬಾಡಿಗೆಯನ್ನೂ ನಾವೇ ಬಿಲ್ಲಿನಲ್ಲಿ ಹಾಕಿದ್ದರೆ ಅದಕ್ಕೂ ಇದೇ ಶೇಕಡಾ 18 ತಗಲುತ್ತದೆ. ಬಾಡಿಗೆ ಬೇರೆ, ತೆರಿಗೆ ಬೇಡ ಎಂದು ವಾದಿಸುವ ಗ್ರಾಹಕರು ಸಿಗುತ್ತಾರೆ, ನಯವಾಗಿ ನಿರಾಕರಿಸಿ.

2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ವ್ಯಾಪಾರಿಗಳಿಗೆ ಮಾಡುವ ಬಿಲ್ ಇ-ಇನ್‌ವಾಯ್ಸ್ ಆಗಬೇಕು. ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋಗಿ ಐಆರ್‌ಎನ್ ಎಂಬ ಉದ್ದನೆಯ ಸಂಖ್ಯೆಯನ್ನೂ ಕ್ಯೂಆರ್ ಸಂಕೇತವನ್ನೂ ಪಡೆದು ಬರುವವರೆಗೆ ಅದು ಸಿಂಧುವಾದ ಬಿಲ್ಲೇ ಅಲ್ಲ. ತಪ್ಪು ಕಂಡರೆ 24 ಗಂಟೆಯೊಳಗೆ ಪೂರ್ತಿ ರದ್ದು ಮಾಡಬಹುದು, ಒಂದು ಸಾಲನ್ನಷ್ಟೇ ತಿದ್ದಲಾಗದು. ರದ್ದಾದ ಬಿಲ್ ಸಂಖ್ಯೆಯನ್ನು ಮತ್ತೆ ಬಳಸಲೂ ಆಗದು. ಆದ್ದರಿಂದ ಐಆರ್‌ಎನ್ ಗುಂಡಿ ಒತ್ತುವ ಮೊದಲು ಬಿಲ್ಲನ್ನು ಪರದೆಯಲ್ಲಿಯೇ ಒಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ. ಮೇಲಿನಿಂದ ಓದಿದರೆ ನಾವು ಬರೆದದ್ದೇ ಸರಿಯೆಂದು ಕಣ್ಣು ಒಪ್ಪಿಕೊಂಡುಬಿಡುತ್ತದೆ.

ಗಾಡಿ ಹೊರಡುವ ಹೊತ್ತು

ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಅಂದರೆ ಪೋರ್ಟಲ್‌ನಲ್ಲಿ ಮಾಡುವ ಸಾಗಣೆಯ ಪರವಾನಗಿ ಚೀಟಿ, ಬೇಕು. ನಮ್ಮ ಸರಕು 43,500 ಅಲ್ಲವೇ, ಬೇಡವಲ್ಲ ಎನ್ನಬೇಡಿ. ಆ ಮೌಲ್ಯಕ್ಕೆ ತೆರಿಗೆಯೂ ಸೇರುತ್ತದೆ; 51,330 ಮಿತಿ ದಾಟಿದೆ. ಅತ್ತಿಬೆಲೆಯ ಹತ್ತಿರ ಗಾಡಿ ತಡೆದು ನಿಲ್ಲಿಸಿದಾಗ ಈ ವ್ಯತ್ಯಾಸ ನೆನಪಾದರೆ ಪ್ರಯೋಜನವಿಲ್ಲ.

ಇ-ವೇ ಬಿಲ್ಲಿನ ಭಾಗ ಎ ಸರಕಿನ ವಿವರ, ಭಾಗ ಬಿ ಗಾಡಿಯ ವಿವರ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಸಿಗುತ್ತದೆ. ಹೊಸೂರಿಗೆ ಒಂದು ದಿನ ಧಾರಾಳ, ಆದರೆ ಗಾಡಿ ಕೆಟ್ಟು ಸರಕನ್ನು ಬೇರೆ ಟೆಂಪೋಗೆ ವರ್ಗಾಯಿಸಿದರೆ ಭಾಗ ಬಿಯಲ್ಲಿ ಹೊಸ ಸಂಖ್ಯೆ ಹಾಕಲೇಬೇಕು. ಚಾಲಕರು ಇದನ್ನು ತಾವಾಗಿಯೇ ಹೇಳುವುದು ಅಪರೂಪ. ಗಾಡಿ ಹೊರಟ ಒಂದು ಗಂಟೆಗೆ ‘ಅಣ್ಣಾ, ಎಲ್ಲಿದ್ದೀರಿ, ಗಾಡಿ ಅದೇ ತಾನೇ?’ ಎಂದು ಒಂದು ಫೋನು ಮಾಡುವ ರೂಢಿ ಇಟ್ಟುಕೊಳ್ಳಿ. ಇ-ವೇ ಬಿಲ್ ಮಾಡಿದ ಮೇಲೆ ಸರಕು ಹೊರಡದಿದ್ದರೆ ಅದನ್ನೂ 24 ಗಂಟೆಯೊಳಗೆ ರದ್ದುಪಡಿಸಬೇಕು. ಅದು ಚಾಲ್ತಿಯಲ್ಲಿರುವಾಗ ಐಆರ್‌ಎನ್ ರದ್ದಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ಚಾಲಕರ ಕೈಗೆ ಕೊಡುವ ಕಟ್ಟಿನಲ್ಲಿ ಬಿಲ್ಲು, ಇ-ವೇ ಬಿಲ್ಲು, ಪರೀಕ್ಷಾ ವರದಿ ಇರಲಿ. ಜೊತೆಗೆ ಗ್ರಾಹಕರ ಸೆಕ್ಯುರಿಟಿಯವರಿಂದ ಸೀಲು, ಸಹಿ ಹಾಕಿಸಿಕೊಂಡು ಮರಳಿ ತರಲು ಒಂದು ಪ್ರತಿ. ಈ ಸಹಿಯ ಪ್ರತಿ ಸಂಜೆಯೊಳಗೆ ಮೇಜಿಗೆ ಬರಬೇಕು, ಅಥವಾ ಅದರ ಫೋಟೋವಾದರೂ ಬರಬೇಕು. ಎರಡು ತಿಂಗಳ ನಂತರ ‘ಈ ಬಿಲ್ಲಿನ ಸರಕು ನಮಗೆ ಬಂದೇ ಇಲ್ಲ’ ಎಂಬ ಮಾತು ಬಂದಾಗ ನಿಮ್ಮ ಪರವಾಗಿ ನಿಲ್ಲುವುದು ಆ ಕಾಗದವೊಂದೇ.

ಮರಳಿ ಬಂದ 200 ಬೋಲ್ಟು

ಸರಕು ಹೋಗಿ ಐದು ದಿನಕ್ಕೆ ಗ್ರಾಹಕರ ಕ್ವಾಲಿಟಿಯವರಿಂದ ಮೇಲ್: 200 ಬೋಲ್ಟುಗಳಲ್ಲಿ ಲೇಪನ ಸರಿಯಾಗಿಲ್ಲ, ವಾಪಸು ಕಳಿಸುತ್ತಿದ್ದೇವೆ. ಅವರ ಕಡೆಯಿಂದ ಡೆಬಿಟ್ ನೋಟೂ ಬಂತು. ಅನೇಕರು ಇಲ್ಲಿ ಎಡವುತ್ತಾರೆ. ಗ್ರಾಹಕರ ಡೆಬಿಟ್ ನೋಟು ಅವರ ಪುಸ್ತಕದ ನಮೂದು; ನಮ್ಮ ತೆರಿಗೆಯ ಹೊಣೆ ಕಡಿಮೆಯಾಗಬೇಕಾದರೆ ನಾವು ಕ್ರೆಡಿಟ್ ನೋಟು ಮಾಡಬೇಕು, ಟ್ಯಾಲಿಯಲ್ಲಿ ಆಲ್ಟ್ ಜೊತೆ ಎಫ್6. 200ಕ್ಕೆ 14.50ರಂತೆ 2,900, ತೆರಿಗೆ 522, ಒಟ್ಟು 3,422. ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ಸಂಖ್ಯೆ, ದಿನಾಂಕ ಇರಲಿ, ಅದನ್ನೂ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹಾಕಬೇಕು. ತೆರಿಗೆ ತಗ್ಗಿಸುವ ಕ್ರೆಡಿಟ್ ನೋಟನ್ನು ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸದಿದ್ದರೆ ತೆರಿಗೆಯ ಭಾಗ ಹೋದಂತೆಯೇ. ಮತ್ತೊಂದು ಮಾತು: ಸ್ಟೋರ್ಸ್‌ನವರು ಎಣಿಸಿ 200 ಎಂದು ಬರೆದುಕೊಟ್ಟ ಮೇಲೆಯೇ ಕ್ರೆಡಿಟ್ ನೋಟು ಮಾಡಿ, ಮೇಲ್‌ನಲ್ಲಿರುವ ಸಂಖ್ಯೆ ನೋಡಿ ಅಲ್ಲ. ಬಂದದ್ದು 180 ಎಂದು ಆಮೇಲೆ ತಿಳಿದರೆ ಮತ್ತೊಂದು ಸುತ್ತು.

ತಿಂಗಳ ನಂತರ ಬೆಳಿಗ್ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದರೆ ಆ ಕಂಪನಿಯಿಂದ ನೆಫ್ಟ್ ಬಂದಿದೆ: 47,864.50 ರೂಪಾಯಿ. ಬಿಲ್ 51,330. ಕಡಿಮೆ ಬಿದ್ದದ್ದು 3,465.50. ಈ ಅಂಕಿಯ ಎದುರು ಕೂತು ನೀವು ಏನು ಮಾಡುತ್ತೀರಿ ಎಂಬುದರಲ್ಲಿ ಒಳ್ಳೆಯ ಸಹಾಯಕರು ಯಾರೆಂಬುದು ಗೊತ್ತಾಗುತ್ತದೆ. ಕ್ರೆಡಿಟ್ ನೋಟಿನ 3,422 ಕಳೆದರೆ 43.50 ಉಳಿಯುತ್ತದೆ. ಅದು 43,500ರ ಸಾವಿರಕ್ಕೆ ಒಂದು, ಅಂದರೆ ಶೇಕಡಾ 0.1. ಹಿಂದಿನ ವರ್ಷ 10 ಕೋಟಿಗೂ ಹೆಚ್ಚು ವಹಿವಾಟು ಮಾಡಿದ ಖರೀದಿದಾರರು ಒಬ್ಬ ಮಾರಾಟಗಾರರಿಂದ ವರ್ಷಕ್ಕೆ 50 ಲಕ್ಷಕ್ಕಿಂತ ಹೆಚ್ಚಿನ ಸರಕು ಕೊಂಡಾಗ, ಮಿತಿ ಮೀರಿದ ಭಾಗದ ಮೇಲೆ ಈ ದರದಲ್ಲಿ ಟಿಡಿಎಸ್ ಹಿಡಿಯುತ್ತಾರೆ. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಈ 43.50 ನಷ್ಟವಲ್ಲ, ನಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟಿದ ಆದಾಯ ತೆರಿಗೆ. ಆದ್ದರಿಂದ ಅದು ಟಿಡಿಎಸ್ ಬಾಕಿ ಎಂಬ ಆಸ್ತಿ ಖಾತೆಗೆ ಹೋಗಬೇಕು, ‘ರೌಂಡ್ ಆಫ್’ ಖಾತೆಗಲ್ಲ. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅದು ನಿಜಕ್ಕೂ ಜಮೆಯಾಗಿದೆಯೇ ಎಂದು ನೋಡಿ.

ರಸೀದಿ ನಮೂದಿಸುವಾಗ, ಅಂದರೆ ಎಫ್6ರಲ್ಲಿ, ಟ್ಯಾಲಿ ಈ ಹಣ ಯಾವ ಬಿಲ್ಲಿಗೆ ಎಂದು ಕೇಳುತ್ತದೆ. ಅವಸರದಲ್ಲಿರುವವರು ‘ಆನ್ ಅಕೌಂಟ್’ ಆರಿಸಿ ಮುಂದೆ ಹೋಗುತ್ತಾರೆ. ಈ ಕೆಲಸದಲ್ಲಿ ನಾನು ಕಂಡ ಅತಿ ದುಬಾರಿ ಸೋಮಾರಿತನ ಅದು. ಆರು ತಿಂಗಳಲ್ಲಿ ಒಬ್ಬ ಗ್ರಾಹಕರ ಲೆಡ್ಜರಿನಲ್ಲಿ ಒಟ್ಟು ಬಾಕಿ ಸರಿಯಾಗಿಯೇ ಇರುತ್ತದೆ, ಆದರೆ ಯಾವ ಬಿಲ್ ತೀರಿದೆ, ಯಾವುದು ಉಳಿದಿದೆ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಬಿಲ್ ಸಂಖ್ಯೆ ಹೇಳಲಾಗದವರು ಹಣ ಕೇಳುವುದು ಹೇಗೆ? ಯಾವ ಬಿಲ್ಲಿಗೆ ಬಂದ ಹಣವೆಂದು ತಿಳಿಯದಿದ್ದರೆ ಗ್ರಾಹಕರ ಅಕೌಂಟ್ಸ್‌ಗೆ ಮೇಲ್ ಬರೆದು, ಬ್ಯಾಂಕ್ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಕೊಟ್ಟು ವಿವರ ತರಿಸಿಕೊಂಡೇ ನಮೂದಿಸಿ.

ಬಾಕಿ ವಸೂಲಿ

ವಸೂಲಿ ಎಂದರೆ ದಬಾಯಿಸುವುದು ಎಂದು ತಿಳಿದವರು ಎರಡು ತಿಂಗಳಲ್ಲಿ ಸೋಲುತ್ತಾರೆ. ಹಣ ತಡವಾಗುವುದು ಬಹುಪಾಲು ಮನಸ್ಸಿಲ್ಲದ್ದರಿಂದಲ್ಲ, ಬಿಲ್ಲು ಅವರ ಕಚೇರಿಯಲ್ಲಿ ಎಲ್ಲೋ ನಿಂತಿರುವುದರಿಂದ. ಆದ್ದರಿಂದ ಮೊದಲ ಫೋನು ಗಡುವಿನ ನಂತರ ಅಲ್ಲ, ಸರಕು ತಲುಪಿದ ವಾರಕ್ಕೆ, ಖರೀದಿಯವರಿಗಲ್ಲ, ಅಕೌಂಟ್ಸ್‌ನವರಿಗೆ. ‘ಮೇಡಂ, ನಮ್ಮ ಬಿಲ್ ನಂಬರ್ 418, ಈ ತಿಂಗಳ ಹತ್ತರದು. ಸ್ಟೋರ್ಸ್‌ನಲ್ಲಿ ಜಿಆರ್‌ಎನ್ ಆಗಿದೆಯಂತೆ, ನಿಮ್ಮಲ್ಲಿ ಬುಕ್ ಆಗಿದೆಯಾ ಸ್ವಲ್ಪ ನೋಡ್ತೀರಾ?’ ಎಂದು ಕೇಳಿದರೆ ಕೆಲಸ ಮುಗಿಯುತ್ತದೆ (ಜಿಆರ್‌ಎನ್ ಎಂದರೆ ಸರಕು ಬಂತೆಂದು ಅವರ ಸ್ಟೋರ್ಸ್‌ನವರು ಬರೆಯುವ ಚೀಟಿ). ಬುಕ್ ಆಗಿದ್ದರೆ ಹಣ ಬರುವ ದಿನ ಗೊತ್ತಾಗುತ್ತದೆ, ಆಗದಿದ್ದರೆ ಯಾವ ಕಾಗದ ಕಡಿಮೆ ಎಂಬುದು ಗೊತ್ತಾಗುತ್ತದೆ. ಗಡುವಿಗೆ ಮೂರು ದಿನ ಮೊದಲು ಮತ್ತೊಂದು ಫೋನು, ಗಡುವು ದಾಟಿದ ಮೇಲೆ ಬಾಕಿ ಬಿಲ್ಲುಗಳ ಪಟ್ಟಿಯೊಂದಿಗೆ ಮೇಲ್. ಯಾರು ಏನು ಹೇಳಿದರು, ಯಾವ ದಿನ ಕೊಡುತ್ತೇನೆಂದರು ಎಂಬುದನ್ನು ಪ್ರತಿ ಸಲ ಬರೆದಿಡಿ.

ಸಣ್ಣ ತಯಾರಕರ ಕೈಯಲ್ಲಿ ಕಾನೂನಿನ ಬಲವೂ ಇದೆ, ಆದರೆ ಅದನ್ನು ಮೊದಲ ಮೇಲ್‌ನಲ್ಲೇ ಬೀಸಬಾರದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಸರಕಿನ ಬಗ್ಗೆ ತಕರಾರು ಇದ್ದರೆ ಖರೀದಿದಾರರು ತಲುಪಿದ 15 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. 2023-24ರ ಹಣಕಾಸು ವರ್ಷದಿಂದ, ಗಡುವು ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿಸಿಕೊಂಡ ಖರೀದಿದಾರರಿಗೆ ಆ ಖರ್ಚನ್ನು ಕೊಟ್ಟ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಲು ಅವಕಾಶ. ಮಾರ್ಚ್‌ನಲ್ಲಿ ದೊಡ್ಡ ಕಂಪನಿಗಳು ತಾವಾಗಿಯೇ ಫೋನು ಮಾಡಿ ಉದ್ಯಮ್ ಪ್ರಮಾಣಪತ್ರ ಕೇಳುವುದು ಇದಕ್ಕೇ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ. 180 ದಿನ ದಾಟಿದ ಬಾಕಿಗೆ ಇನ್ನೊಂದು ಮಾತು ನೆನಪಿಸಬಹುದು: ಅಷ್ಟರೊಳಗೆ ಹಣ ಕೊಡದವರು ತಾವು ಪಡೆದ ಜಿಎಸ್‌ಟಿ ಜಮೆಯನ್ನು ಬಡ್ಡಿಯೊಂದಿಗೆ ವಾಪಸು ಕಟ್ಟಬೇಕಾಗುತ್ತದೆ.

ಚೆಕ್ಕು ಈಗ ಕಡಿಮೆಯಾಗಿದೆ, ಇನ್ನೂ ನಿಂತಿಲ್ಲ. ಬರೆದ ದಿನಾಂಕದಿಂದ ಮೂರು ತಿಂಗಳು ಮಾತ್ರ ಅದು ಊರ್ಜಿತ. ಬೌನ್ಸ್ ಆದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ಹಾಗಾಗಿ ಬ್ಯಾಂಕಿನ ರಿಟರ್ನ್ ಮೆಮೋ ಸಿಕ್ಕ ದಿನವೇ ಮಾಲೀಕರ ಮೇಜಿಗೆ ಮುಟ್ಟಿಸಿ, ಡ್ರಾಯರಿನಲ್ಲಿ ಇಡಬೇಡಿ.

ತಿಂಗಳ ಮೊದಲ ಹನ್ನೊಂದು ದಿನ

ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಹಿಂದಿನ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1ನ್ನು 11ನೇ ತಾರೀಖಿನೊಳಗೆ ಸಲ್ಲಿಸಬೇಕು. ಸಲ್ಲಿಸುವವರು ಲೆಕ್ಕ ಪರಿಶೋಧಕರೇ ಆದರೂ ಅದರೊಳಗಿನ ತಪ್ಪುಗಳು ನಿಮ್ಮವು. 5ನೇ ತಾರೀಖಿಗೆ ಬಿಲ್ ಸಂಖ್ಯೆಗಳ ಸರಣಿಯಲ್ಲಿ ಒಂದೂ ಬಿಟ್ಟುಹೋಗಿಲ್ಲವೇ, ರದ್ದಾದವು ಯಾವುವು, ಕ್ರೆಡಿಟ್ ನೋಟುಗಳೆಲ್ಲ ಬಂದಿವೆಯೇ ಎಂದು ನೋಡಿ ಪಟ್ಟಿ ಕಳಿಸಿ. 11 ತಪ್ಪಿದರೆ 14ಕ್ಕೆ ತಯಾರಾಗುವ, ಗ್ರಾಹಕರಿಗೆ ಸಿಗುವ ತೆರಿಗೆ ಜಮೆಯ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ನಮ್ಮ ಬಿಲ್ ಕಾಣುವುದಿಲ್ಲ, ಕಾಣದಿದ್ದರೆ ಅವರ ಅಕೌಂಟ್ಸ್‌ನವರು ತೆರಿಗೆಯಷ್ಟು ಮೊತ್ತ ತಡೆಹಿಡಿಯುತ್ತಾರೆ, ಮತ್ತು ನೀವು 7,830 ರೂಪಾಯಿಗಾಗಿ ಇನ್ನೊಂದು ತಿಂಗಳು ಫೋನು ಮಾಡುತ್ತೀರಿ. 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ, ಅದರ ಹಣದ ವ್ಯವಸ್ಥೆ ಮಾಲೀಕರದು. ಎಷ್ಟು ಬೇಕಾಗಬಹುದೆಂದು ವಾರ ಮೊದಲೇ ಹೇಳುವುದು ನಿಮ್ಮದು.

ಮಾರ್ಚ್ ಕೊನೆಯಲ್ಲಿ ಇನ್ನೊಂದು ಪರೀಕ್ಷೆ ಬರುತ್ತದೆ. ಗುರಿ ಮುಟ್ಟಿಸಲು ‘ಸರಕು ಏಪ್ರಿಲ್‌ನಲ್ಲಿ ಹೋಗಲಿ, ಬಿಲ್ 31ಕ್ಕೇ ಮಾಡಿಬಿಡಿ’ ಎಂದು ಸೇಲ್ಸ್‌ನವರು ಕೇಳುತ್ತಾರೆ. ಮಾಡಬೇಡಿ. ಆ ಬಿಲ್ಲಿಗೆ ಇ-ವೇ ಬಿಲ್ ಬೇರೆ ದಿನ ಹುಟ್ಟುತ್ತದೆ, ಸ್ಟಾಕ್ ಲೆಕ್ಕ ಎಣಿಕೆಗೆ ಹೊಂದುವುದಿಲ್ಲ. ಕಂಪನಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆ ತಾನಾಗಿಯೇ ಉಳಿಯಬೇಕು, ಅದನ್ನು ಬಂದ್ ಮಾಡುವಂತಿಲ್ಲ. ಅಲ್ಲಿ ಉಳಿಯುವುದು ನಿಮ್ಮ ಲಾಗಿನ್ ಹೆಸರು, ಕೇಳಿದವರದಲ್ಲ.

ಆಡಳಿತದ ಚಿಲ್ಲರೆ ಕೆಲಸ

ಕೊರಿಯರ್, ಸ್ಟೇಷನರಿ, ಸಂದರ್ಶಕರ ಕಾಫಿ, ಹಮಾಲಿ ಕೂಲಿ ಎಲ್ಲಕ್ಕೂ ಒಂದು ಚಿಲ್ಲರೆ ನಗದು ಪೆಟ್ಟಿಗೆ. 5,000 ರೂಪಾಯಿ ಎಂದು ನಿಗದಿ ಮಾಡಿಕೊಂಡರೆ ಯಾವ ಕ್ಷಣದಲ್ಲಿ ತೆರೆದರೂ ನೋಟುಗಳೂ ವೋಚರುಗಳೂ ಸೇರಿ 5,000 ಆಗಬೇಕು. ವೋಚರಿಲ್ಲದೆ ಹತ್ತು ರೂಪಾಯಿಯನ್ನೂ ಕೊಡಬೇಡಿ, ಮಾಲೀಕರಿಗಾದರೂ ಸರಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಒಪ್ಪಿಗೆಯಾಗುವುದಿಲ್ಲ.

ಹೊಸ ಗ್ರಾಹಕರು ವೆಂಡರ್ ನೋಂದಣಿಗೆ ಕೇಳುವ ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ಉದ್ಯಮ್, ರದ್ದುಪಡಿಸಿದ ಚೆಕ್ಕು ಇವು ಒಂದೇ ಫೋಲ್ಡರಿನಲ್ಲಿ ಸಿದ್ಧವಾಗಿರಲಿ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಸರಬರಾಜುದಾರರೊಬ್ಬರ ಮೇಲ್‌ನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಕಳಿಸಿ’ ಎಂದು ಬಂದರೆ, ಆ ಮೇಲ್‌ನಲ್ಲಿರುವ ಸಂಖ್ಯೆಗಲ್ಲ, ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ಫೋನು ಮಾಡಿ, ಪರಿಚಯದ ದನಿಯಿಂದ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಒಂದು ರೂಪಾಯಿಯೂ ಹೋಗಬಾರದು. ಬ್ಯಾಂಕಿನಲ್ಲಿ ಪಾವತಿ ತಯಾರಿಸುವವರು ನೀವಾದರೆ ಒಪ್ಪಿಗೆ ಕೊಡುವ ಲಾಗಿನ್ ಮಾಲೀಕರದ್ದೇ ಆಗಿರಲಿ. ನಂಬಿಕೆಯಿಂದ ಎರಡೂ ಪಾಸ್‌ವರ್ಡ್ ಕೊಡಲು ಬಂದರೂ ಬೇಡವೆನ್ನಿ, ಅದು ನಿಮ್ಮ ರಕ್ಷಣೆಗೆ.

ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡಬೇಕು. ನಾನು ಒಂದೊಂದು ಬಿಲ್ಲಿಗೂ ಪಿಓ, ಬಿಲ್ಲು, ಇ-ವೇ ಬಿಲ್ಲು, ಸಹಿಯ ಪ್ರತಿ, ಕ್ರೆಡಿಟ್ ನೋಟು ಇದ್ದರೆ ಅದೂ, ಹಣ ಬಂದ ವಿವರ, ಎಲ್ಲವನ್ನೂ ಒಟ್ಟಿಗೆ ಪಿನ್ ಮಾಡಿ ಬಿಲ್ ಸಂಖ್ಯೆಯ ಕ್ರಮದಲ್ಲಿ ಇಡುತ್ತಿದ್ದೆ. ದಾಖಲೆಯ ಬಗೆಯ ಪ್ರಕಾರ ಬೇರೆ ಬೇರೆ ಫೈಲು ಮಾಡುವವರೂ ಇದ್ದಾರೆ. ಆಡಿಟ್‌ಗೆ ಬಂದವರು ಒಂದು ಬಿಲ್ ಕೇಳಿದಾಗ ಅವರು ಐದು ಕಪಾಟು ತೆರೆಯುತ್ತಾರೆ.

ಕೊನೆಯದಾಗಿ ರಜೆಯ ವಿಷಯ. ಊರಿನ ಜಾತ್ರೆಗೋ ಮದುವೆಗೋ ನಾಲ್ಕು ದಿನ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದಿಟ್ಟು ಹೋಗಿ: ಉತ್ತರ ಬಾಕಿ ಇರುವ ವಿಚಾರಣೆಗಳು, ಲೇಪನದಿಂದ ಬರಬೇಕಾದ ಚಲನ್‌ಗಳು, ಸಹಿಯ ಪ್ರತಿ ಬಾರದ ಬಿಲ್ಲುಗಳು, ಈ ವಾರ ಹಣ ಕೊಡುತ್ತೇನೆಂದವರ ಹೆಸರು ಮತ್ತು ದಿನ. ಆ ಹಾಳೆಯನ್ನು ಕೀಬೋರ್ಡಿನ ಕೆಳಗೆ ಇಡಬೇಡಿ, ನಿಮ್ಮ ಬದಲಿಗೆ ಕೂರುವವರ ಎದುರು ಒಮ್ಮೆ ಓದಿ ಹೇಳಿ, ಅವರಿಂದ ಒಂದು ಸಹಿ ಹಾಕಿಸಿಕೊಂಡು ಬಸ್ಸು ಹತ್ತಿ.